ಪಾದಕ್ಕೊಂದು ಮೌನವ್ರತ

ಮೊನ್ನೆ ಹುಮನಾಬಾದಿನ ಔಷಧದ ಅಂಗಡಿಯಲ್ಲಿ ಯಾರದೋ ಕೈಜಾರಿ ಟಿಂಚರ್ ಬಾಟಲಿ ಒಡೆಯಿತು. ಆ ವಾಸನೆಗೆ ಉಳಿದವರಿಗೆ ಆಸ್ಪತ್ರೆ ನೆನಪಾಗಿರಬೇಕು. ನನಗೆ ಬಸವಕಲ್ಯಾಣದ ನಮ್ಮ ಮಠ ನೆನಪಾಯಿತು, ಸಿಸ್ಟರಬಾಯಿ ನೆನಪಾದರು...

ಸರಕಾರಿ ದವಾಖಾನೆಯ ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು ಮಠದ ಪಡಸಾಲೆಯಲ್ಲಿ ಕೂರುತ್ತಿದ್ದರು. ದರ್ಶನಕ್ಕೆ ಬಂದವರ ಬಿ.ಪಿ. ನೋಡುವುದು, ಸಕ್ಕರೆ ನೋಡುವುದು, ಮನೆಯ ಕಷ್ಟ ಕೇಳುವುದು. ನಾನಾಗ ಪಾದಪೂಜೆಯ ತಂಬಿಗೆಯ ಉಸ್ತುವಾರಿ. ಮಠದಲ್ಲಿ ಅದಕ್ಕಿಂತ ಕೆಳಗಿನ ಹುದ್ದೆ ಇರಲಿಲ್ಲವಾದ್ದರಿಂದ ಬಹಳ ಗಂಭೀರವಾಗಿ ನಡೆಸುತ್ತಿದ್ದೆ.

ಒಮ್ಮೆ ಬಾಯಿಯವರೂ ಪಾದಪೂಜೆಗೆ ಕುಳಿತರು. ಅಪ್ಪಾವರ ಪಾದಕ್ಕೆ (ನಮ್ಮ ಸ್ವಾಮಿಗಳನ್ನು ಕರೆಯುವುದು ಹಾಗೆ) ನೀರೆರೆಯುವಾಗ ನಾವೆಲ್ಲ ಭಕ್ತಿಯಿಂದ ಕಣ್ಣು ಮುಚ್ಚುತ್ತಿದ್ದೆವು. ಅವರು ಮುಚ್ಚಲಿಲ್ಲ. ಪಾದವನ್ನು ಮೆಲ್ಲಗೆ ಎತ್ತಿ ಅಂಗಾಲು ನೋಡಿದರು. ಹೆಬ್ಬೆರಳಿನ ಬುಡದಲ್ಲಿ ಹುಣ್ಣು ಕಪ್ಪಾಗಿತ್ತು.

“ಅಪ್ಪಾವರ, ಇದು ಕೊಳ್ಯಾಕತ್ತದರಿ.”

“ನಮಗೇನೂ ನೋವಿಲ್ಲವ್ವ.”

“ಅದಕ್ಕೇ ಅಂಜಿಕಿ ರೀ. ಸಕ್ಕರಿ ರೋಗ ಮೊದಲ ಕಾಲಿನ ನೋವಿನ ಖಬರ್ ತಗೀತದ, ಆಮ್ಯಾಲ ಕಾಲೇ ತಗೀತದ. ದಿನಾ ನೀರು ಬಿದ್ರ ಮಾಯಾಂಗಿಲ್ಲ.”

ಶ್ರಾವಣ ಎದುರಿಗಿತ್ತು, ತಿಂಗಳಿಡೀ ಪಾದಪೂಜೆ. ಭಕ್ತರಿಗೆ ಇಲ್ಲವೆನ್ನಲು ಅಪ್ಪಾವರಿಗೆ ಮನಸ್ಸಿಲ್ಲ.

“ನಿಮ್ಮ ಬಾಯಿಗಿ ಮೌನವ್ರತ ಇರ್ತದಲ್ರಿ? ಈ ಶ್ರಾವಣ ಕಾಲಿಗಿ ಇರಲಿ. ಭಕ್ತರು ದೂರದಿಂದನೇ ಕೈ ಮುಗೀತಾರ,” ಎಂದರು ಸಿಸ್ಟರಬಾಯಿ.

ಇಂಥ ವ್ರತ ಯಾವ ಶಾಸ್ತ್ರದಲ್ಲಿದೆಯೋ ತಿಳಿಯದು. ಬಾಗಿಲಲ್ಲಿ ನಿಂತು ಪರಮ ಗಾಂಭೀರ್ಯದಿಂದ ಅದನ್ನು ಸಾರಿದವನು ಮಾತ್ರ ನಾನೇ. ಇಬ್ಬರು ಭಕ್ತರು ತಾವೂ ಹಿಡಿಯುವುದಾಗಿ ಹೇಳಿದರು. ಬಾಯಿಯವರು ಅಪ್ಪಾವರನ್ನು ದೊಡ್ಡ ದವಾಖಾನೆಗೆ ತೋರಿಸಿ, ಆಮೇಲೆ ದಿನವೂ ಬಂದು ಪಟ್ಟಿ ಕಟ್ಟಿದರು. ಒಂದು ಬೆರಳು ಹೋಯಿತು. ಕಾಲು ಉಳಿಯಿತು.

ಹೋದ ವರ್ಷ ಬಾಯಿಯವರು ತೀರಿಕೊಂಡರು. ಅವರ ಮಣ್ಣಿಗೆ ಅಪ್ಪಾವರು ಆ ಕಾಲಿನ ಮೇಲೆಯೇ ನಡೆದರು...

ಪಾದಪೂಜೆ ಈಗಲೂ ಇದೆ. ಆದರೆ ಅದಕ್ಕೂ ಮೊದಲು ಅಪ್ಪಾವರೇ ಸಕ್ಕರೆ ರೋಗದ ಭಕ್ತರ ಅಂಗಾಲು ನೋಡುತ್ತಾರೆ. ನನಗೂ ರೋಗ ಬಂದಿದೆ. ಕಳೆದ ಸೋಮವಾರ ನಾನು ಬೇಡ ಬೇಡವೆಂದರೂ ಕಾಲು ಹಿಡಿದು ಬೆಳಕಿಗೆ ತಿರುಗಿಸಿದರು. ಬಹಳ ಹೊತ್ತು ನೋಡಿದರು.

“ನೋಡತೀನಿ ಖರೆ, ನನಗೇನೂ ತಿಳಿಯಂಗಿಲ್ಲಪಾ,” ಎಂದರು. “ಆಕಿಗಿ ತಿಳೀತಿತ್ತು.”

ಗುರುಗಳ ಕೈಯಲ್ಲಿ ಶಿಷ್ಯನ ಕಾಲು. ತಟ್ಟನೆ ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ.