ಬೂದಿ ಗುಂಡಿ

ನಮ್ಮ ದೊಡ್ಡಮ್ಮ ಅರವತ್ತು ತುಂಬಿದ ತಿಂಗಳು ಕೆಲಸ ಬಿಟ್ಟಳು. ಬಿಟ್ಟಳು ಎನ್ನುವುದು ಮರ್ಯಾದೆಯ ಮಾತು. ಅವಳು ಹನ್ನೊಂದು ವರ್ಷ ನಿಂತಿದ್ದ ಎರಡನೇ ನಂಬರಿನ ಕೌಂಟರನ್ನೇ ಕಿತ್ತುಹಾಕಿದರು. ಅದಕ್ಕೆ ಕೊಟ್ಟ ಕಾರಣ ನೆನೆದರೆ ಈಗಲೂ ನನ್ನ ಮೈಯೆಲ್ಲ ಉರಿಯುತ್ತದೆ: ಆ ಅಂಗಡಿಗೆ ವಯಸ್ಸಾದವರು ಬರುವುದೇ ಇಲ್ಲವಂತೆ!

ಅಂಗಡಿ ನೀವೂ ನೋಡಿರುವಂಥದ್ದೇ. ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ, ಹಾಡಹಗಲಲ್ಲೂ ಸಾಲು ಸಾಲು ದೀಪ, ಒಂದು ಗೋಡೆಯ ತುಂಬ ಬರೀ ಶಾಂಪೂ. ಇಂಥ ನೂರಾರು ಅಂಗಡಿಗಳು ಅದೇ ಕಂಪನಿಗಿವೆ. ದೊಡ್ಡಮ್ಮ, ಅಂದರೆ ನಮ್ಮಮ್ಮನ ಅಕ್ಕ, ಅಲ್ಲಿ ಬಿಲ್ ಹಾಕುತ್ತಿದ್ದಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಪುರುಸೊತ್ತೇ ಆಗ್ಲಿಲ್ಲ ನೋಡಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವಳು, ಅಮ್ಮ, ನಾನು. ಬೆಳಿಗ್ಗೆ ಎರಡೂ ಮೊಣಕಾಲಿಗೆ ಬಿಗಿಯಾಗಿ ಪಟ್ಟಿ ಸುತ್ತಿಕೊಂಡು ಹೊರಡುವಳು, ಏಕೆಂದರೆ ಬಿಲ್ ಹಾಕುವವರು ಕೂರಬಾರದು ಎಂಬುದು ಕಂಪನಿಯ ನಿಯಮ. ಕೂತವರನ್ನು ಕಂಡರೆ ಗಿರಾಕಿಗಳಿಗೆ ಸೋಮಾರಿಗಳು ಅನಿಸುತ್ತದಂತೆ. ಆ ನಿಯಮ ಬರೆದವನು ಕೂತುಕೊಂಡೇ ಬರೆದಿರಬೇಕು.

ಬಿಲ್ ಯಂತ್ರದ ಬಲತುದಿಯಲ್ಲಿ ಮೂರು ಬಣ್ಣದ ಗುಂಡಿಗಳಿದ್ದವು. ಸಾಮಾನೆಲ್ಲ ಲೆಕ್ಕಕ್ಕೆ ಬಂದ ಮೇಲೆ ಅವುಗಳಲ್ಲಿ ಒಂದನ್ನು ಒತ್ತಲೇಬೇಕು, ಇಲ್ಲದಿದ್ದರೆ ಬಿಲ್ ಹೊರಗೆ ಬರುವುದಿಲ್ಲ. ಎದುರಿಗಿರುವವರು ಮೂವತ್ತರ ಒಳಗಿದ್ದರೆ ಹಸಿರು. ಮೂವತ್ತರಿಂದ ಅರವತ್ತಕ್ಕೆ ಹಳದಿ. ಅರವತ್ತು ದಾಟಿದವರಿಗೆ ಬೂದು ಬಣ್ಣದ್ದು. ಕೇಳುವ ಹಾಗಿಲ್ಲ, ಮುಖ ನೋಡಿ ಅಂದಾಜಿನಲ್ಲಿ ಒತ್ತಬೇಕು. ಯಾವ ವಯಸ್ಸಿನವರು ಏನು ಕೊಳ್ಳುತ್ತಾರೆ, ಎಷ್ಟು ಖರ್ಚು ಮಾಡುತ್ತಾರೆ ಎಂದು ಕೇಂದ್ರ ಕಚೇರಿಗೆ ತಿಳಿಯಬೇಕಲ್ಲ, ಅದಕ್ಕೆ. ಬೂದು ಗುಂಡಿಗೆ ಕೆಲಸದ ಹುಡುಗಿಯರು 'ಬೂದಿ ಗುಂಡಿ' ಎಂದು ಹೆಸರಿಟ್ಟರು. ಗುಂಡಿ ಎಂದರೆ ಒತ್ತುವುದೂ ಹೌದು, ತೋಡುವುದೂ ಹೌದು. ಹುಡುಗಿಯರು ಬಿದ್ದು ಬಿದ್ದು ನಕ್ಕರು. ದೊಡ್ಡಮ್ಮನಿಗೆ ನಗು ಬರಲಿಲ್ಲ.

"ಬದುಕಿರೋರ ಮುಖ ನೋಡ್ಕೊಂಡು ಬೂದಿ ಒತ್ತು ಅಂದ್ರೆ ಕೈ ಹೇಗೆ ಬರುತ್ತೆ?" ಎಂದು ಮೊದಲ ವಾರವೇ ಮನೆಯಲ್ಲಿ ಕೇಳಿದಳು.

ಅದು ಸಾಲದೆಂಬಂತೆ, ಒತ್ತಿದ ಬಣ್ಣ ಗಿರಾಕಿಯ ಕಡೆಗಿದ್ದ ಪುಟ್ಟ ಪರದೆಯ ಅಂಚಿನಲ್ಲೂ ಮಿನುಗುತ್ತಿತ್ತು. ಒಬ್ಬ ಅಜ್ಜಿ ಅದನ್ನು ಕಂಡುಹಿಡಿದೇಬಿಟ್ಟರು. "ಮುಂದಿದ್ದ ಹುಡುಗಿಗೆ ಹಸಿರು ಬಂತು, ನನಗ್ಯಾಕಮ್ಮ ಈ ಸುಟ್ಟ ಬಣ್ಣ?" ದೊಡ್ಡಮ್ಮ ತಡವರಿಸಿ, "ಮೆಷೀನ್ ಕೆಟ್ಟಿದೆ ಕಣಮ್ಮ" ಎಂದಳು. ಮರುದಿನದಿಂದ ಅವಳು ಆ ಗುಂಡಿಯ ತಂಟೆಗೇ ಹೋಗಲಿಲ್ಲ. ಎಂಬತ್ತಾದವರಿಗೂ ಹಳದಿ. ಜ್ವರ ಬಿಟ್ಟು ಎದ್ದು ಬಂದವರಿಗೆ, ಗಂಡ ತೀರಿಕೊಂಡ ಮೇಲೆ ಮೊದಲ ಸಲ ಹೊರಗೆ ಕಾಲಿಟ್ಟವರಿಗೆ ಹಸಿರು. ಆ ಹಸಿರು ನೋಡಿ ಒಬ್ಬಿಬ್ಬರು ನಾಚಿಕೊಂಡದ್ದೂ ಉಂಟಂತೆ.

ಹೀಗಾಗಿ ವಯಸ್ಸಾದವರೆಲ್ಲ ಎರಡನೇ ನಂಬರಿಗೇ ಬರತೊಡಗಿದರು. ಪಕ್ಕದ ಕೌಂಟರ್ ಖಾಲಿಯಿದ್ದರೂ ಅಲ್ಲಿಗೆ ಹೋಗುತ್ತಿರಲಿಲ್ಲ. ಕೌಂಟರಿಗೂ ಗೋಡೆಗೂ ನಡುವೆ ಒಂದು ಬೆಂಚಿತ್ತು. ಹಿಂದೆ ಅಲ್ಲಿ ಚಪ್ಪಲಿ ಮಾರುತ್ತಿದ್ದಾಗ ಹಾಕಿ ನೋಡಲೆಂದು ಇಟ್ಟಿದ್ದು, ಆಮೇಲೆ ಯಾರೂ ತೆಗೆಯಲಿಲ್ಲ. ಸರದಿ ಬರುವವರೆಗೆ ಅವರು ಅದರ ಮೇಲೆ ಕೂರುವರು. ಬಿಲ್ ಆದ ಮೇಲೂ ಕೂರುವರು. ಅವರಲ್ಲಿ ಖಾಯಂ ಆಸಾಮಿ ಗಡಿಯಾರದ ತಾತ. ನಲವತ್ತು ವರ್ಷ ಕೈಗಡಿಯಾರ ರಿಪೇರಿ ಮಾಡಿದ ಮನುಷ್ಯ. ಸಾಸಿವೆಯಷ್ಟು ಚಿಕ್ಕ ತಿರುಪನ್ನು ಕೂರಿಸುತ್ತಿದ್ದ ಅದೇ ಕೈಗಳು ಈಗ ನಡುಗುತ್ತವೆ, ಜೇಬಿನಿಂದ ಪರ್ಸ್ ತೆಗೆಯಲು ಎರಡು ನಿಮಿಷ ಬೇಕು. ದೊಡ್ಡಮ್ಮ ಆ ಎರಡು ನಿಮಿಷ ಬೇರೆ ಕಡೆ ನೋಡುತ್ತಾ ಏನಾದರೂ ಹರಟುತ್ತಿದ್ದಳು. ಅವರು ಕೊಳ್ಳುತ್ತಿದ್ದುದು ಒಂದು ಸೋಪು, ಇಲ್ಲವೆ ಎರಡು ಬಾಳೆಹಣ್ಣು, ಇಲ್ಲವೆ ಚಿಕ್ಕ ಬ್ರೆಡ್ಡು. ಆದರೆ ವಾರಕ್ಕೆ ಐದು ದಿನ.

"ಒಟ್ಟಿಗೇ ತಗೊಂಡು ಹೋಗಬಾರ್ದಾ ತಾತ? ಕಾಲು ನೋಯಲ್ವಾ?" ಎಂದು ಒಮ್ಮೆ ಕೇಳಿದ್ದಳಂತೆ.

"ಒಟ್ಟಿಗೇ ತಗೊಂಡ್ರೆ ನಾಳೆ ಬರೋಕೆ ಏನು ನೆಪ ಹೇಳ್ಲಿ?"

ಅವತ್ತಿನಿಂದ ಅವಳು ಆ ಮಾತೆತ್ತಲಿಲ್ಲ.

ಕಳೆದ ವರ್ಷ ಒಂದು ಬೆಳಿಗ್ಗೆ ಮ್ಯಾನೇಜರ್ ಎಲ್ಲರನ್ನೂ ಉಗ್ರಾಣದ ಕೋಣೆಗೆ ಕರೆದರು. ಗೋಡೆಗೆ ಒಂದು ದೊಡ್ಡ ಚಿತ್ರ ಅಂಟಿಸಿದರು. ನಗುತ್ತಿರುವ ಹೆಂಗಸು, ಕೈಯಲ್ಲಿ ಕಾರಿನ ಕೀಲಿ. ಹನ್ನೊಂದು ವರ್ಷದ ಗುಂಡಿಗಳನ್ನೆಲ್ಲ ಕೂಡಿಸಿ, ಭಾಗಿಸಿ, ನಮ್ಮ ಅಂಗಡಿಯ ಗಿರಾಕಿ ಇವಳೇ ಎಂದು ಕಚೇರಿಯವರು ತೀರ್ಮಾನಿಸಿದ್ದರು. ವಯಸ್ಸು ನಲವತ್ತೊಂದು. ಇಬ್ಬರು ಮಕ್ಕಳು. ವಾರಕ್ಕೊಮ್ಮೆ ಶನಿವಾರ ಬರುತ್ತಾಳೆ, ಇಪ್ಪತ್ತಮೂರು ನಿಮಿಷದಲ್ಲಿ ಗಾಡಿ ತುಂಬಿಸುತ್ತಾಳೆ, ದೊಡ್ಡ ಪೊಟ್ಟಣ ಇಷ್ಟಪಡುತ್ತಾಳೆ, ಯಾರೊಡನೆಯೂ ಮಾತಾಡಲು ಇಷ್ಟಪಡುವುದಿಲ್ಲ. ಹುಡುಗಿಯರು ಅಲ್ಲೇ ಅವಳಿಗೆ 'ಸರಾಸರಿಯಮ್ಮ' ಎಂದು ಹೆಸರಿಟ್ಟರು. ಅರವತ್ತು ದಾಟಿದವರು ಎಷ್ಟು? ನೂರಕ್ಕೆ ಮೂರು.

ಸರಾಸರಿಯಮ್ಮನಿಗಾಗಿ ಅಂಗಡಿ ಬದಲಾಗಬೇಕಿತ್ತು. ಬಿಡಿ ಸೋಪು ಹೋಗಿ ಆರರ ಕಟ್ಟು ಬರುತ್ತದೆ. ಚಿಕ್ಕ ಬ್ರೆಡ್ಡು ನಿಲ್ಲುತ್ತದೆ. ಎರಡು, ಮೂರು, ನಾಲ್ಕನೇ ಕೌಂಟರುಗಳನ್ನು ತೆಗೆದು ಗಿರಾಕಿಗಳೇ ಬಿಲ್ ಹಾಕಿಕೊಳ್ಳುವ ಯಂತ್ರ ನಿಲ್ಲಿಸುತ್ತಾರೆ. ಬೆಂಚು ತೆಗೆದು ಆ ಜಾಗದಲ್ಲಿ ಮಕ್ಕಳ ಆಟಿಕೆ. ಕೊನೆಯ ದಿನಾಂಕವೂ ಗೊತ್ತಾಗಿತ್ತು. ಅದಕ್ಕೆ ಐದು ವಾರ ಉಳಿದಿತ್ತು.

"ನೂರಕ್ಕೆ ಮೂರಾ? ನನ್ ಕೌಂಟರಿಗೆ ಬರೋರು ಬರೀ ಮುದುಕರೇ ಸಾರ್! ಬನ್ನಿ, ಈಗ್ಲೇ ತೋರಿಸ್ತೀನಿ" ಎಂದು ದೊಡ್ಡಮ್ಮ ಎಲ್ಲರೆದುರು ದನಿಯೆತ್ತಿದಳು.

ಮ್ಯಾನೇಜರ್ ಕೆಟ್ಟವರಲ್ಲ, ಯಾವಾಗಲೂ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ ಮಾತಾಡುವವರು. ಅವತ್ತು ಮಾತ್ರ ನೇರವಾಗಿ ಕೇಳಿದರು. "ಅಕ್ಕಾ, ನಿಮ್ಮ ಕೌಂಟರಲ್ಲಿ ಹನ್ನೊಂದು ವರ್ಷದಲ್ಲಿ ಆರೇ ಸಲ ಬೂದು ಬಂದಿದೆ. ಒತ್ತಿದ್ದು ನೀವೇ ಅಲ್ವಾ?"

ಆ ಆರೂ ಅವಳ ಮೊದಲ ವಾರದವು.

ಸಂಜೆ ಮನೆಗೆ ಬಂದು ಮೊಣಕಾಲಿನ ಪಟ್ಟಿಯನ್ನೂ ಬಿಚ್ಚದೆ ಒಲೆಯ ಪಕ್ಕ ಕೂತಳು. "ಮರ್ಯಾದೆ ಉಳಿಸ್ತೀನಿ ಅಂತ ಹೋಗಿ ಅವರ ಬೆಂಚು ತೆಗೆಸ್ಬಿಟ್ಟೆ ಕಣೇ" ಎಂದಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ದುಃಖಕ್ಕಿಂತ ಸಿಟ್ಟು ಬಂತು. ಮನೆಮನೆಗೆ ಹೋಗಿ ವಿದ್ಯುತ್ ಮೀಟರ್ ಓದುವುದು ನನ್ನ ಕೆಲಸ. ಅಂಕಿಗಳ ಮೇಲೆ ನನಗೇನೂ ಹಗೆಯಿಲ್ಲ. ಆದರೆ ಬೀಗ ಜಡಿದ ಮನೆಯಲ್ಲಿ ಮೀಟರ್ ಓಡುತ್ತಿದ್ದರೆ ನಾನು ಒಮ್ಮೆಯಾದರೂ ಬಾಗಿಲು ತಟ್ಟುತ್ತೇನೆ. ಹನ್ನೊಂದು ವರ್ಷದಲ್ಲಿ ಆ ಕಚೇರಿಯ ಒಬ್ಬರಿಗಾದರೂ ಇಲ್ಲಿಗೆ ಬಂದು ಬಾಗಿಲಲ್ಲಿ ಹತ್ತು ನಿಮಿಷ ನಿಲ್ಲಬೇಕು ಅನಿಸಲಿಲ್ಲವೆ?

ಮರುದಿನದಿಂದ ದೊಡ್ಡಮ್ಮ ಬೂದಿ ಗುಂಡಿ ಒತ್ತತೊಡಗಿದಳು. ಕದ್ದುಮುಚ್ಚಿ ಅಲ್ಲ, ಒಬ್ಬೊಬ್ಬರಿಗೂ ಹೇಳಿಯೇ ಒತ್ತಿದಳು. "ಇಷ್ಟು ದಿನ ಸುಳ್ಳು ಒತ್ತಿದ್ದೆ. ಇವತ್ತಿಂದ ನಿಜ ಒತ್ತುತೀನಿ, ಬೇಜಾರು ಮಾಡ್ಕೋಬೇಡಿ." ತಲೆಗೆ ಬಣ್ಣ ಹಚ್ಚುವ ಒಬ್ಬರು ಮುಖ ಗಂಟಿಕ್ಕಿಕೊಂಡು ಪಕ್ಕದ ಕೌಂಟರಿಗೆ ಹೋದರು. ಮಿಕ್ಕವರು ಬೆಂಚಿನ ಸಂಗತಿ ಕೇಳಿ, "ಒತ್ತಮ್ಮ, ಎರಡು ಸಲ ಒತ್ತು" ಎಂದರು. ಗಡಿಯಾರದ ತಾತ ಪರದೆಯ ಮೇಲೆ ತಮ್ಮ ಬಣ್ಣ ಬರುವವರೆಗೆ ಕಾದು ನೋಡಿ ಹೋಗುತ್ತಿದ್ದರು.

ಮೂರನೇ ವಾರ ಕಚೇರಿಯಿಂದ ಒಬ್ಬ ತರುಣ ಅಧಿಕಾರಿ ಬಂದ. ನೂರಕ್ಕೆ ಮೂರಿದ್ದದ್ದು ಇದ್ದಕ್ಕಿದ್ದ ಹಾಗೆ ಮೂವತ್ತಾಗಿತ್ತಲ್ಲ. ವಿನಯವಂತ, ಕೊಟ್ಟ ನೀರು ಕುಡಿದ, ಅರ್ಧ ಗಂಟೆ ಎರಡನೇ ನಂಬರಿನ ಪಕ್ಕದಲ್ಲೇ ನಿಂತ. ಬೆಂಚಿನ ಮೇಲೆ ನಾಲ್ವರು, ಸಾಲಿನಲ್ಲಿ ಐವರು. ಎಲ್ಲರದೂ ನೆರೆತ ತಲೆ.

"ನೋಡಿದ್ರಲ್ಲ ಸಾರ್" ಎಂದಳು ದೊಡ್ಡಮ್ಮ.

"ನೋಡ್ದೆ ಅಮ್ಮ. ಆದ್ರೆ ನಾನು ನೋಡಿದ್ದು ಲೆಕ್ಕಕ್ಕೆ ಬರಲ್ಲ. ಮೆಷೀನಿಗೆ ಬಂದಿದ್ದು ಮಾತ್ರ ಬರುತ್ತೆ."

"ಮೆಷೀನಿಗೂ ಬಂದಿದೆಯಲ್ಲ?"

"ಅದನ್ನೇ ಪರಿಶೀಲಿಸ್ತಾರೆ."

ಪರಿಶೀಲಿಸಿದರು. ನಾಲ್ಕು ದಿನಕ್ಕೆ ಉತ್ತರ ಬಂತು: ಮೂರು ವಾರದಲ್ಲಿ ಒಂದು ಊರಿನ ಜನಕ್ಕೆ ಇಷ್ಟು ವಯಸ್ಸಾಗುವುದು ಅಸಾಧ್ಯ, ಎರಡನೇ ಕೌಂಟರಿನ ಯಂತ್ರ ಕೆಟ್ಟಿದೆ, ಅದರ ಮೂರು ವಾರದ ಅಂಕಿಗಳನ್ನು ಕೈಬಿಡಲಾಗಿದೆ. ಮೆಷೀನ್ ಕೆಟ್ಟಿದೆ ಎಂದು ಅವಳು ಅಜ್ಜಿಗೆ ಹೇಳಿದ ಸುಳ್ಳೇ ಕಾಗದದ ಮೇಲೆ ಸಹಿ ಹಾಕಿಸಿಕೊಂಡು ವಾಪಸ್ಸು ಬಂದಿತ್ತು. ಹನ್ನೊಂದು ವರ್ಷದ ಸುಳ್ಳನ್ನು ಕಣ್ಣುಮುಚ್ಚಿ ನಂಬಿದ ಮಹಾನುಭಾವರು ಮೂರು ವಾರದ ನಿಜವನ್ನು ಕಸದ ಬುಟ್ಟಿಗೆ ಹಾಕಿದರು! ಕಣ್ಣೆದುರಿಗೆ ಕೂತ ಮನುಷ್ಯ ಅಂಕಿಯಲ್ಲಿಲ್ಲ ಎಂದರೆ ಮನುಷ್ಯನೇ ತಪ್ಪು ಎನ್ನುವ ಇವರ ಓದಿಗಿಷ್ಟು ಬೆಂಕಿ ಬೀಳಲಿ ಎಂದು ನಾನು ಅಡುಗೆಮನೆಯಲ್ಲಿ ನಿಂತು ಕೂಗಾಡಿದೆ. ಅಮ್ಮ ಕಿಟಕಿ ಮುಚ್ಚಿದಳು.

ಹೇಳಿದ ದಿನಕ್ಕೆ ಬೆಂಚು ಹೋಯಿತು. ಕೌಂಟರೂ ಹೋಯಿತು. ದೊಡ್ಡಮ್ಮನಿಗೆ ಒಂದು ಹೂಗುಚ್ಛ ಕೊಟ್ಟು ಕಳಿಸಿದರು.

ಎರಡು ವಾರ ಅವಳು ಆ ರಸ್ತೆಗೇ ಹೋಗಲಿಲ್ಲ. ಮೂರನೇ ವಾರ ಒಂದು ಬೆಳಿಗ್ಗೆ, "ಸೋಪು ಮುಗಿದಿದೆ, ಬಾರೇ" ಎಂದು ನನ್ನನ್ನು ಹೊರಡಿಸಿದಳು. ಸೋಪು ಮುಗಿದಿರಲಿಲ್ಲ, ನನಗೆ ಗೊತ್ತು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ನಮ್ಮ ಮನೆಯ ಮಡಿಸುವ ಸ್ಟೂಲು ಹಿಡಿದುಕೊಂಡಳು. ಅಂಗಡಿಯಲ್ಲಿ ಹೊಸ ಬಿಲ್ ಯಂತ್ರಗಳು ಯಾರೂ ಇಲ್ಲದೆ ಮಿನುಗುತ್ತಿದ್ದವು. ಉಳಿದಿದ್ದ ಒಂದನೇ ನಂಬರಿನಲ್ಲಿ ಉದ್ದನೆಯ ಸಾಲು, ಬಹುಪಾಲು ಅವಳ ಹಳೆಯ ಗಿರಾಕಿಗಳು. ನಾವು ಸೋಪು ತೆಗೆದುಕೊಂಡು ಸಾಲಿನಲ್ಲಿ ನಿಂತ ಮೇಲೆ ಗಡಿಯಾರದ ತಾತ ಆರು ಸೋಪಿನ ಕಟ್ಟನ್ನು ಎದೆಗವಚಿಕೊಂಡು ಬಂದು, ಒಂದು ಕೈ ಗೋಡೆಗೆ ಊರಿ ನಮ್ಮ ಹಿಂದೆ ನಿಂತರು. ದೊಡ್ಡಮ್ಮ ಸ್ಟೂಲು ಬಿಡಿಸಿ ಅವರ ಹಿಂದೆ ಇಟ್ಟಳು. ಅವರು ಕೂತರು.

"ಆರು ಸೋಪು ಮುಗಿಯೋಕೆ ಎಷ್ಟು ದಿನ ಬೇಕು ಗೊತ್ತಾ ನಿನಗೆ?" ಎಂದು ಕೇಳಿದರು.

ನಮ್ಮ ಸರದಿ ಬಂತು. ಕೌಂಟರಿನಲ್ಲಿದ್ದ ಹುಡುಗಿಗೆ ಕೆಲಸ ಕಲಿಸಿದವಳು ದೊಡ್ಡಮ್ಮನೇ. "ಅಕ್ಕಾ, ಹೇಗಿದೀರಾ!" ಎಂದು ಅವಳು ಮುಖವರಳಿಸಿ, ಸಾಮಾನು ಓಡಿಸಿ, ಪ್ರೀತಿಯಿಂದ ಗುಂಡಿ ಒತ್ತಲು ಬೆರಳೆತ್ತಿದಳು. ಬೆರಳು ಹಸಿರಿನ ಮೇಲಿತ್ತು.

"ಅದಲ್ಲ ಮಗಳೇ" ಎಂದಳು ದೊಡ್ಡಮ್ಮ. "ಕೊನೇದು."

"ನಿಮಗೆ ಅದನ್ನ ಒತ್ತೋಕೆ ಕೈ ಬರಲ್ಲ ಅಕ್ಕ."

"ನನಗೂ ಬರ್ತಿರ್ಲಿಲ್ಲ. ಅದಕ್ಕೇ ತಾತನಿಗೆ ಇವತ್ತು ಬೆಂಚಿಲ್ಲ."

ಹುಡುಗಿ ಬೆರಳನ್ನು ಹಿಂದಕ್ಕೆಳೆದುಕೊಂಡು ಕೂತಳು, ಕ್ಷಮಿಸಿ, ನಿಂತಳು, ಕೂರುವ ಹಾಗಿಲ್ಲವಲ್ಲ. ಆಮೇಲೆ ಒತ್ತಿದಳು. ಪರದೆಯ ಅಂಚು ಬೂದುಬಣ್ಣಕ್ಕೆ ತಿರುಗಿತು, ಬಿಲ್ ಹೊರಗೆ ಬಂತು.

ಹಿಂದಿನಿಂದ ತಾತ ಸ್ಟೂಲಿನ ಮೇಲಿಂದಲೇ ಕೂಗಿದರು. "ನಂದೂ ಅದೇ ಕಣಮ್ಮ. ಸರಿಯಾಗಿ ಒತ್ತು."