ಬಸ್ಸಿನ ಟಾಪ್ ಮೇಲೆ ಹೋದ ಬಾಡು

ಶಿವಮೊಗ್ಗದಿಂದ ಶಿಕಾರಿಪುರಕ್ಕೆ ಹೊರಟ ಬಸ್ಸಿನಲ್ಲಿ ನನ್ನ ತೊಡೆಯ ಮೇಲೊಂದು ಡಬ್ಬಿ, ಕಾಲ ಬುಡದಲ್ಲೊಂದು ಡಬ್ಬಿ. ಒಂದರಲ್ಲಿ ಲವಂಗದೆಣ್ಣೆ ಲೇಪಿಸಿದ ಪ್ಲಾಸ್ಟಿಕ್ ಹಾಳೆಗಳು, ಇನ್ನೊಂದರಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವ ಗಾಜಿನ ತಟ್ಟೆಗಳು. ಮೈಸೂರಿನಿಂದ ಅವನ್ನು ಕೂಸಿನಂತೆ ಕಾಯ್ದುಕೊಂಡು ಬಂದಿದ್ದೆ. ಮಾಂಸ ಬೇಗ ಕೆಡದಂತೆ ಸುತ್ತಿಡುವ ಹಾಳೆ ತಯಾರಿಸುವುದು ಪ್ರಯೋಗಾಲಯದಲ್ಲಿ ನನ್ನ ಕೆಲಸ. ಹುಟ್ಟಿದ್ದು ಲಿಂಗಾಯತರ ಮನೆಯಲ್ಲಿ, ಮಾಂಸ ತಿಂದವಳಲ್ಲ. "ಉಣ್ಣದ ಊಟಕ್ಕೆ ಎಲೆ ಹಾಸೋಳು" ಎಂದು ಗೆಳತಿಯರು ಛೇಡಿಸುತ್ತಿದ್ದರು. ತೊಂಬತ್ತರ ದಶಕದ ನಡುವಿನ ಒಂದು ಏಪ್ರಿಲ್ ಅದು, ಬಿಸಿಲು ಬೆಂಕಿಯಾಗಿತ್ತು.

ಈ ಪ್ರಯಾಣಕ್ಕೆ ಕಾರಣ ಸೊರಬದ ಗಂಗಮ್ಮ. ಬಸ್ ಸ್ಟ್ಯಾಂಡಿನ ಹತ್ತಿರ ಅವರದೊಂದು ಮಿಲಿಟರಿ ಹೋಟೆಲ್. ಹಿಂದಿನ ತಿಂಗಳು ಶಿವಮೊಗ್ಗದಲ್ಲಿ ನಾನು ಮಾಂಸದ ಶುಚಿತ್ವದ ಬಗ್ಗೆ ಮಾತಾಡಿ ಮುಗಿಸಿದಾಗ ಕೊನೆಯ ಸಾಲಿನಿಂದ ಎದ್ದು ಕೇಳಿದ್ದರು: "ಮೇಡಂ, ನಿಮ್ಮ ಹಾಳೆ ಬಸ್ಸಿನ ಟಾಪ್ ಮೇಲೂ ಕೆಲ್ಸ ಮಾಡ್ತದೇನ್ರಿ?" ಸಭೆ ನಕ್ಕಿತು. ನಾನು ನಗಲಿಲ್ಲ, ನನಗೆ ಉತ್ತರ ಗೊತ್ತಿರಲಿಲ್ಲ.

ಗಂಗಮ್ಮನ ಅಣ್ಣ ಹನುಮಂತಪ್ಪನದು ಶಿಕಾರಿಪುರದಲ್ಲಿ ಮಾಂಸದಂಗಡಿ. ಅವರು ಕುರಿ ಕಡಿದು ಬೆಳಗಿನ ಬಸ್ಸಿಗೆ ಹಾಕಿದ್ದು ಸೊರಬದಲ್ಲಿ ಮಧ್ಯಾಹ್ನದ ಸಾರು. ಶಿವರಾತ್ರಿ ಕಳೆದು ಬಿಸಿಲೇರಿದ ಮೇಲೆ ಒಂದು ದಿನ ಆ ಮಾಂಸ ದಾರಿಯಲ್ಲೇ ಕೆಟ್ಟು, ಉಂಡವರೆಲ್ಲ ವಾಂತಿ ಮಾಡಿಕೊಂಡಿದ್ದರು. ಅಂದಿನಿಂದ ಹೋಟೆಲಿನ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ. "ಇದೊಂದ್ ಸಲ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಒಲೆಗೆ ನೀರು ಹುಯ್ದು ಬಾಗ್ಲು ಹಾಕೋದೇಯ" ಎಂದಿದ್ದರು ಗಂಗಮ್ಮ.

ಅಂಜನಾಪುರ ಜಲಾಶಯದ ನೀರು ಕಂಡ ಗದ್ದೆಗಳು ಆ ಬಿಸಿಲಲ್ಲೂ ಹಸಿರಾಗಿದ್ದವು. ಶಿಕಾರಿಪುರದ ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ಉಂಡು ಲಾಡ್ಜಿನಲ್ಲಿ ಮಲಗಿದೆ. ಬೆಳಕು ಹರಿಯುವಾಗ ಅಂಗಡಿಯಲ್ಲಿದ್ದೆ. ಹಲಗೆಗೆ ಕುದಿನೀರು ಸುರಿಸಿ, ಕತ್ತಿ ತೊಳೆಸಿ, ಸೋಪು ಮುಂದೆ ಹಿಡಿದಾಗ ಹನುಮಂತಪ್ಪ ಗೊಣಗಿದರು: "ನಮ್ಮಪ್ಪನ ಕಾಲದಿಂದ ಕಡೀತೀನ್ರಿ, ನಂಗೇ ಕೈ ತೊಳಿ ಅಂತೀರಲ್ಲ!" ಆದರೂ ಮೊಣಕೈವರೆಗೂ ಉಜ್ಜಿದರು. "ನೋಡ್ರಿ, ಮದ್ವಿ ಗಂಡಿನ ಕೈ ಆದಂಗಾತು." ಒಂದೇ ಕುರಿಯ ಎರಡು ತೊಡೆ. ಒಂದನ್ನು ಎಂದಿನಂತೆ ಸಾದಾ ಕವರಿಗೆ ಹಾಕಿದೆವು, ಇನ್ನೊಂದನ್ನು ನನ್ನ ಹಾಳೆಯಲ್ಲಿ ಸುತ್ತಿದೆವು. ಎರಡೂ ಒಂದೇ ಬುಟ್ಟಿಗೆ ಹೋದವು.

ಸೊರಬದ ಬಸ್ಸಿನ ಕಂಡಕ್ಟರ್ ನನ್ನ ಹಣೆಯ ವಿಭೂತಿ ನೋಡಿ, "ತೊಗರ್ಸಿ ದೇವಸ್ಥಾನಕ್ಕೇನ್ರಮ್ಮ? ಹೂವಿನ ಬುಟ್ಟಿ ಆದ್ರೆ ಒಳಗೇ ಇಟ್ಕೊಳ್ರಿ" ಎಂದ.

"ಹೂವಲ್ಲ, ಬಾಡು. ಟಾಪ್ ಮೇಲೆ ಹಾಕ್ರಿ."

ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಒಳಗೆ ದೇವರಿಗೆ ಹೋಗುವವರು ಇರುತ್ತಾರೆಂದು ಮಾಂಸದ ಬುಟ್ಟಿ ಯಾವತ್ತೂ ಟಾಪಿಗೇ ಹೋಗುವುದು. ಕೆಡುವುದೂ ಅಲ್ಲೇ. ಸುಮ್ಮನಿದ್ದಿದ್ದರೆ ನನ್ನ ಬುಟ್ಟಿ ನೆರಳಲ್ಲಿ ಹಾಯಾಗಿ ಬರುತ್ತಿತ್ತು, ಆದರೆ ಗಂಗಮ್ಮನ ಪ್ರಶ್ನೆಗೆ ಅದು ಉತ್ತರವಾಗುತ್ತಿರಲಿಲ್ಲ.

ಪಕ್ಕದಲ್ಲಿ ಕೂತಿದ್ದ ಅಜ್ಜಿ ತೊಗರ್ಸಿ ಮಲ್ಲಿಕಾರ್ಜುನನಿಗೆ ಹೊರಟಿದ್ದರು. ನಮ್ಮ ಮಾತು ಕೇಳಿಸಿಕೊಂಡು ನನ್ನನ್ನೇ ದಿಟ್ಟಿಸಿದರು. "ಶರಣರ ಮನೆ ಮಗಳ ಹಂಗೆ ಕಾಣ್ತೀ. ಈ ಕೆಲ್ಸ ಯಾಕವ್ವ ನಿನಗೆ?"

"ತಿಂದವ್ರಿಗೆ ಹೊಟ್ಟೆನೋವು ಬರಬಾರ್ದು ಅಂತ, ಅಜ್ಜಿ."

"ಹೊಟ್ಟೆನೋವಿಗೇನು ಜಾತಿ ಐತಾ? ಮಾಡು, ಮಾಡು" ಎಂದರು ಅಜ್ಜಿ. ಶಿರಾಳಕೊಪ್ಪದಲ್ಲಿ ಬೇರೆ ಬಸ್ ಹಿಡಿಯಲು ಇಳಿಯುವಾಗ ಕೈಗೆರಡು ಬಾಳೆಹಣ್ಣು ಇಟ್ಟರು.

ಆ ಊರಲ್ಲಿ ಡ್ರೈವರು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನುತ್ತ ಕೂತವನು ಏಳಲೇ ಇಲ್ಲ. ಬಿಸಿಲು ನೆತ್ತಿಗೆ ಬರುತ್ತಿತ್ತು. ತಡೆಯಲಾರದೆ ಬಸ್ಸಿನ ಹಿಂದಿನ ಏಣಿ ಹತ್ತಿದೆ. ಟಾಪಿನ ಕಂಬಿ ಮುಟ್ಟಿದರೆ ಕೈ ಚುರ್ ಎಂದಿತು. ಅಯ್ಯೋ ದೇವರೇ, ಇಷ್ಟು ಕಾವಿಗೆ ಯಾವ ಹಾಳೆ ತಾನೇ ತಡೆದೀತು ಎನಿಸಿತು.

ಸೊರಬದಲ್ಲಿ ಗಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಜೊತೆಗೆ ಹಮಾಲಿ ನಾಗಪ್ಪ. ಮೊದಲು ದಿನಾ ಇಲ್ಲೇ ಉಣ್ಣುತ್ತಿದ್ದವನು, ಆ ದಿನ ವಾಂತಿ ಮಾಡಿಕೊಂಡವರಲ್ಲಿ ಒಬ್ಬ, ಈಗ ತಮಾಷೆ ನೋಡಲು ಬಂದಿದ್ದ. ನನ್ನ ಹಾಳೆ ಬಿಚ್ಚಿದ್ದೇ ತಡ, ಲವಂಗದ ಪರಿಮಳ ಘಮ್ಮೆಂದಿತು. ಮೈಸೂರಿನಲ್ಲಿ ನಾವೆಲ್ಲ ಹೆಮ್ಮೆಪಟ್ಟಿದ್ದ ಪರಿಮಳ.

"ಓಹೋ! ನಾತ ಮುಚ್ಚಕ್ಕೆ ಲವಂಗ ಹೊಡ್ದು ತಂದಾರೆ" ಎಂದ ನಾಗಪ್ಪ. "ಒಳಗೆ ಕೊಳೆತಿರ್ಬೇಕು ಮಾರಾಯ್ರೆ!"

ನನಗೆ ಸಿಟ್ಟು ನೆತ್ತಿಗೇರಿತು. ಸಾದಾ ಕವರನ್ನೂ ಅವನ ಮುಂದೆಯೇ ಬಿಚ್ಚಿದೆ. "ಇದೂ ಅದೇ ಕುರೀದು. ಮೂಸಿ ನೋಡಪ್ಪ." ಮೂಸಿದವನು "ಯಪ್ಪಾ!" ಎಂದು ಮೂಗು ಮುಚ್ಚಿ ಹಿಂದೆ ಸರಿದ. ಹಾಳೆಯಲ್ಲಿದ್ದ ತೊಡೆಯನ್ನು ತೊಳೆದು ಮುಂದೆ ಹಿಡಿದೆ. ಅನುಮಾನದಿಂದಲೇ ಬಗ್ಗಿದ. "ಹಸಿ ಮಾಂಸದ ವಾಸ್ನೆನೇ ಐತಲ್ಲ! ಹಂಗಾರೆ ಬೇಯ್ಸು ಗಂಗಮ್ಮ."

ಬೇಡ ಎಂದೆ. ಮೂಗಿಗೆ ಗೊತ್ತಾಗದ್ದೂ ಮಾಂಸದಲ್ಲಿ ಇರುತ್ತದೆ. ಎರಡರಿಂದಲೂ ಚೂರು ತೆಗೆದು ತಟ್ಟೆಗಳಿಗೆ ಹಾಕಿಟ್ಟು, ಉಳಿದದ್ದನ್ನು ಹಿತ್ತಲಲ್ಲಿ ಹೂಳಿಸಿದೆ. ಒಳ್ಳೆಯ ತೊಡೆ ಮಣ್ಣು ಸೇರಿದ್ದು ನೋಡಿ ಗಂಗಮ್ಮನ ಹೊಟ್ಟೆ ಉರಿದಿರಬೇಕು. ಆದರೂ ಸಂಜೆ ಅಕ್ಕಿ ರೊಟ್ಟಿ, ಬದನೆಕಾಯಿ ಪಲ್ಯ ಬಡಿಸಿದರು. "ನಿಮಗೆ ಅಂತ್ಲೇ ಹೊಸ ಪಾತ್ರೆ ತಂದೀನ್ರಿ. ಅದ್ರಾಗೆ ಬಾಡು ಸೋಕಿಲ್ಲ" ಎಂದರು. ಬಾಗಿಲು ಹಾಕುವ ಸ್ಥಿತಿಯಲ್ಲಿದ್ದ ಹೆಂಗಸು ನನ್ನ ಮಡಿಗಾಗಿ ಪಾತ್ರೆ ಕೊಂಡಿದ್ದರು.

ಮರುದಿನ ಸಂಜೆ ತಟ್ಟೆಗಳನ್ನು ಬೆಳಕಿಗೆ ಹಿಡಿದೆ. ಸಾದಾ ಕವರಿನದು ನೋಡಿ ನಾಗಪ್ಪ, "ಇದೆಂತದು, ಮೊಸರನ್ನ ಚೆಲ್ಲಿದಂಗೈತಿ!" ಎಂದ. ಹಾಳೆಯದರಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕಿ.

"ಇದ್ರಲ್ಲೂ ಹುಳ ಇದಾವಲ್ರಿ?" ಎಂದ ನಾಗಪ್ಪ.

"ಇದಾವೆ. ಒಂದೂ ಇಲ್ಲ ಅಂತ ಸುಳ್ಳು ಹೇಳಲ್ಲ. ಕಮ್ಮಿ ಇದಾವೆ, ಚೆನ್ನಾಗಿ ಬೇಯಿಸಿದ್ರೆ ಸಾಯ್ತಾವೆ. ಇದೇನು ಮಂತ್ರ ಅಲ್ಲ. ಕೈ ತೊಳೀಬೇಕು, ತಂದ ಕೂಡ್ಲೆ ಒಲೆ ಮೇಲೆ ಇಡಬೇಕು." ಹೊರಗೆ ಹೀಗೆ ಗಂಭೀರವಾಗಿ ಹೇಳಿದರೂ ಒಳಗೊಳಗೆ ಕುಣಿಯುವಷ್ಟು ಖುಷಿಯಾಗಿತ್ತು.

ಅದರ ಮರುದಿನ ಹನುಮಂತಪ್ಪ ನಾನು ಬಿಟ್ಟುಬಂದಿದ್ದ ಹಾಳೆಯಲ್ಲಿ ಸುತ್ತಿದ ಮಾಂಸದೊಂದಿಗೆ ತಾವೇ ಬಂದರು. ಈ ಸಲ ಬುಟ್ಟಿಗೆ ಒದ್ದೆ ಗೋಣಿ ಹೊದಿಸಿದ್ದರು. ಮಧ್ಯಾಹ್ನಕ್ಕೆ ಸಾರು ಕುದಿಯಿತು. ನಾಗಪ್ಪನ ಜೊತೆ ನಾಲ್ಕಾರು ಹಮಾಲಿಗಳು ಬಂದು ಬಾಗಿಲಲ್ಲಿ ನಿಂತರು, ಒಳಗೆ ಕಾಲಿಡಲಿಲ್ಲ.

"ಮೇಡಂ, ಮೊದ್ಲು ನೀವೊಂದು ತುಂಡು ತಿನ್ರಿ" ಎಂದ ನಾಗಪ್ಪ. "ಆಮೇಲೆ ನಾವು."

"ನಾನು ತಿನ್ನೋದಿಲ್ಲಪ್ಪ. ಹುಟ್ಟಿದಾಗಿಂದ ತಿಂದಿಲ್ಲ."

"ತಿನ್ನದವ್ರ ಮಾತು ನಂಬದು ಹೆಂಗ್ರಿ?"

ಕೊರಳ ಲಿಂಗದ ಮೇಲೆ ನನ್ನ ಕೈ ಹೋಯಿತು. ಇವರು ಹಿಂದಿರುಗಿದರೆ ಗಂಗಮ್ಮನ ಒಲೆ ಆರಿತೆಂದೇ ಲೆಕ್ಕ.

ಆಗ ಗಂಗಮ್ಮ ತಟ್ಟೆ ತಗೊಂಡು ಬಂದು ಗಿರಾಕಿಗಳ ಬೆಂಚಿನ ಮೇಲೆ ಕೂತರು. ಮುದ್ದೆ ಮುರಿದು ಸಾರಿಗೆ ಅದ್ದಿದರು. "ಆವತ್ತು ನೀವಷ್ಟೇ ಅಲ್ಲ, ನಾನೂ ಮಲಗಿದ್ದೆ ಮಾರಾಯ. ಆವತ್ತಿಂದ ನನ್ ಕೈಯ ಬಾಡು ನಾನೇ ತಿಂದಿಲ್ಲ. ಯಾರಿಗೂ ಹೇಳ್ಲಿಲ್ಲ." ನುಂಗಿದರು. ಒಂದು ತುಂಡು ತಿಂದರು, ಇನ್ನೊಂದು ತಿಂದರು. ಕಣ್ಣಲ್ಲಿ ನೀರಿತ್ತು, ಖಾರಕ್ಕೋ ಏನೋ.

ನಾಗಪ್ಪ ಎಲ್ಲ ನೋಡಿ, ಹಿತ್ತಲಿಗೆ ಹೋಗಿ ಕೈ ತೊಳೆದು ಬಂದು ಅವರ ಎದುರಿಗೆ ಕೂತ. ಉಂಡ. ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದೆವು.

"ಉಪ್ಪು ಕಮ್ಮಿ ಆಗೈತಿ" ಎಂದ.

"ನಿನ್ನ ನಾಲಿಗೆಗೆ ಉಪ್ಪಿನ ಮೂಟೆನೇ ಸುರೀಬೇಕು!" ಎಂದು ಗಂಗಮ್ಮ ಎದ್ದು ಬೈದರು. ಎಷ್ಟು ದಿನದಿಂದ ಕಾದಿದ್ದರೋ ಹಾಗೆ ಬೈಯಲು, ಮುಖ ಅರಳಿತ್ತು. ಬಾಗಿಲಲ್ಲಿದ್ದವರೆಲ್ಲ ನಗುತ್ತ ಒಳಗೆ ಬಂದು ಬೆಂಚು ಎಳೆದುಕೊಂಡರು.

ಇನ್ನೂ ಎರಡು ದಿನ ಇದ್ದೆ. ಉಂಡವರಲ್ಲಿ ಯಾರಿಗೂ ಏನೂ ಆಗಲಿಲ್ಲ. ಹೊರಡುವ ದಿನ ಮಧ್ಯಾಹ್ನದ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತೆ. ಬಸ್ಸು ತಿರುಗುವಾಗ ಹೋಟೆಲಿನ ಕಡೆ ನೋಡಿ ಕೈ ಬೀಸಿದೆ. ಗಂಗಮ್ಮ ಬೀಸಲಿಲ್ಲ, ಬಡಿಸುತ್ತಿದ್ದರು, ಅವರಿಗೆ ಪುರುಸೊತ್ತಿರಲಿಲ್ಲ.