ಮಗ್ಗ ನಿಲ್ಲಿಸಿದವರು

ಮೇಡಂ ಅವರ ಬಲಗೈ ತೋರುಬೆರಳಿಗೆ ಉಗುರಿರಲಿಲ್ಲ. ಚಿಕ್ಕವರಿದ್ದಾಗ, ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿದ್ದ ಅಪ್ಪನ ಗ್ಯಾರೇಜಿನಲ್ಲಿ ಜೀಪಿನ ಫ್ಯಾನ್ ಬೆಲ್ಟಿಗೆ ಬೆರಳು ಕೊಟ್ಟಿದ್ದರಂತೆ. ಉಗುರಿಲ್ಲದ ಆ ಬೆರಳಿನಿಂದಲೇ ನಮ್ಮ ಮಾನಿಟರಿನ ಗಾಜನ್ನು ಟಕಟಕ ಕುಟ್ಟುತ್ತಿದ್ದರು. ಕುಟ್ಟಿದರೆಂದರೆ ಬರೆದದ್ದರಲ್ಲಿ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ನಾನು ಸೇರಿದ ಮೊದಲ ತಿಂಗಳು ನನ್ನ ಮಾನಿಟರಿಗೆ ಬಿದ್ದಷ್ಟು ಪೆಟ್ಟು ಇನ್ಯಾರದಕ್ಕೂ ಬೀಳಲಿಲ್ಲ.

ಎರಡು ಸಾವಿರದ ಇಸವಿ ದಾಟಿ ನಾಲ್ಕೈದು ವರ್ಷವಾಗಿತ್ತು. ಎಣ್ಣೆ ಮಿಲ್ಲುಗಳ ಕಡೆ ಹೋಗುವ ರಸ್ತೆಯಲ್ಲಿ, ಗೊಬ್ಬರದಂಗಡಿಯ ಮಹಡಿಯ ಮೇಲೆ ನಮ್ಮ ಕಂಪ್ಯೂಟರ್ ಸೆಂಟರ್. ಬೆಳಿಗ್ಗೆ ಪಾಠ, ಮಧ್ಯಾಹ್ನದ ಮೇಲೆ ಮಾಲೀಕರು ಎಲ್ಲಿಂದಲೋ ಹಿಡಿದು ತಂದ ಕೆಲಸ. ನಮಗೆ ಜಾವಾ ಕಲಿಸುತ್ತಿದ್ದವರೂ ಮೇಡಮ್ಮೇ, ಗಿರಾಕಿಗಳಿಗೆ ಜಾವಾದಲ್ಲಿ ಪ್ರೋಗ್ರಾಂ ಬರೆದುಕೊಡುತ್ತಿದ್ದವರೂ ಮೇಡಮ್ಮೇ. ಕುರಿ ಕಾಯುವವರ ಮನೆಯಿಂದ ಬಂದ ನಾನು ಅವರ ಹತ್ತಿರ ಕಲಿತು ಅಲ್ಲೇ ಕೆಲಸಕ್ಕೆ ನಿಂತೆ.

ಒಂದು ಸಲ ನಮಗೆ, ದಿನಕ್ಕೊಮ್ಮೆ ತಾನೇ ಎದ್ದು ಒಂದು ಕೆಲಸ ಮುಗಿಸಿ ಮಲಗುವ ಪ್ರೋಗ್ರಾಂ ಬರೆಯಲು ಹೇಳಿದರು. ನಾನು ಬರೆದೆ. ಸರ್ವರ್ ಶುರುವಾದಾಗಿನಿಂದ ಇಪ್ಪತ್ತನಾಲ್ಕು ಗಂಟೆ ಎಣಿಸು, ಕೆಲಸ ಮಾಡು, ಮತ್ತೆ ಎಣಿಸು. ಪರೀಕ್ಷೆಗೆಂದು ಗಂಟೆಯ ಬದಲು ಸೆಕೆಂಡು ಹಾಕಿ ನೋಡಿದರೆ ಚೆನ್ನಾಗಿಯೇ ಓಡಿತು. ಆಮೇಲೆ ವಾರವಾದರೂ ಅದು ಏಳಲೇ ಇಲ್ಲ. ಎಲ್ಲಿ ತಪ್ಪಿದೆ ಎಂದು ತಲೆ ಕೆರೆದುಕೊಳ್ಳುತ್ತಾ ಕೂತಿದ್ದಾಗ ಗಾಜಿನ ಮೇಲೆ ಟಕಟಕ ಸದ್ದಾಯಿತು.

"ಏನಪ್ಪಾ ಸಾಹೇಬ, ಚಳ್ಳಕೆರೆಯಾಗೆ ಕರೆಂಟು ಯಾವತ್ತು ಇಡೀ ದಿನ ಇತ್ತು? ಕರೆಂಟ್ ಹೋದಾಗೆಲ್ಲ ನಿನ್ ಸರ್ವರ್ ಸಾಯ್ತೈತೆ, ಬಂದಾಗೆಲ್ಲ ಹುಟ್ತೈತೆ, ಹುಟ್ಟಿ ಮತ್ತೆ ಒಂದರಿಂದ ಎಣಿಸ್ತೈತೆ. ಇಪ್ಪತ್ನಾಲ್ಕು ಯಾವ ಜನ್ಮದಾಗೆ ಆಗ್ತೈತೆ? ಗಡಿಯಾರ ನೋಡಿ ಏಳೋದು ಕಲಿಸು ಅದಕ್ಕೆ. ಎದ್ದ ತಕ್ಷಣ, ನಿನ್ನೆ ಕೆಲ್ಸ ಆಗೈತೋ ಇಲ್ವೋ ಅಂತ ನೋಡಾದು ಕಲಿಸು."

"ಅದು ತಾನೇ ಆಗ್ತೈತೆ ಅಂದ್ಕೊಂಡಿದ್ದೆ ಮೇಡಂ" ಎಂದೆ.

"ಆ ಮಾತು ನನ್ ಮುಂದೆ ಆಡಬ್ಯಾಡ. ತಾನೇ ಆಗೋದು ಯಾವುದೂ ಇಲ್ಲ. ಯಾರೋ ಮಾಡಿಟ್ಟಿರ್ತಾರೆ, ಅದಕ್ಕೇ ಆಗ್ತೈತೆ."

ಬೈಗುಳ ಮುಗಿದ ಮೇಲೆ ಕೆಳಗಿನ ಹೋಟೆಲಿನಿಂದ ಚಹಾ ತರಿಸಿ, ತಮ್ಮ ಬನ್ನಿನಲ್ಲಿ ಅರ್ಧ ಮುರಿದು, ಬೈಸಿಕೊಂಡವರ ಕೈಗೆ ಕೊಡುತ್ತಿದ್ದರು. ಬೇಡ ಎಂದರೆ ಅದಕ್ಕೆ ಬೇರೆ ಬೈಗುಳ. ಅವರ ಕೋಪ ಊರಿಗೆಲ್ಲ ಗೊತ್ತಿತ್ತು. ಆ ಕೋಪ ಒಂದು ದಿನವೂ ತಪ್ಪಿಲ್ಲದವರ ಮೇಲೆ ಬೀಳಲಿಲ್ಲ ಎನ್ನುವುದನ್ನು ಮಾತ್ರ ಯಾರೂ ಹೇಳುವುದಿಲ್ಲ.

ಮಾಲೀಕರು ಮೊಳಕಾಲ್ಮೂರಿನಿಂದ ಒಂದು ಕೆಲಸ ತಂದರು. ಅಲ್ಲಿನ ಒಂದು ನೇಕಾರರ ಸಂಘ ಮನೆಮನೆಗೆ ರೇಷ್ಮೆ ನೂಲು ಕೊಟ್ಟು ಸೀರೆ ನೇಯಿಸುತ್ತಿತ್ತು. ನೂಲು ಕಮ್ಮಿ, ಕಾಯುವವರು ಜಾಸ್ತಿ. ಇಂತಿಷ್ಟು ದಿನ ಯಾವ ಮಗ್ಗದಿಂದ ಕೆಲಸ ಬರಲಿಲ್ಲವೋ ಅದನ್ನು 'ನಿಂತ ಮಗ್ಗ' ಎಂದು ಕೈಬಿಟ್ಟು, ಅದರ ನೂಲನ್ನು ಮುಂದಿನವರಿಗೆ ಕೊಡಬೇಕು. ದಿನಾ ಬೆಳಿಗ್ಗೆ ಪ್ರೋಗ್ರಾಮೇ ಇದನ್ನು ಮಾಡಿ ಮುಗಿಸಬೇಕು ಎನ್ನುವುದು ಸಂಘದ ಕಾರ್ಯದರ್ಶಿಯ ಬೇಡಿಕೆ.

ಮೇಡಂ ಒಪ್ಪಲಿಲ್ಲ. "ಯಾವ ಮಗ್ಗದ್ದು ಕೆಲ್ಸ ಬಂದಿಲ್ಲ ಅಂತ ಅದು ತೋರಿಸ್ಲಿ. ನಿಲ್ಲಿಸೋದು ಬಿಡೋದು ಮನುಷ್ಯರು ಮಾಡ್ಲಿ" ಎಂದರು.

"ಮನುಷ್ಯರು ಮಾಡಿದ್ರೆ ನನ್ ಮನೆ ಬಾಗಿಲಿಗೆ ಬಂದು ಜಗಳ ಆಡ್ತಾರ್ರಿ" ಎಂದ ಕಾರ್ಯದರ್ಶಿ. "ಕಂಪ್ಯೂಟರ್ ಮಾಡಿದ್ರೆ ಯಾರ್ ಹತ್ರ ಆಡ್ತಾರೆ?"

ಮಾಲೀಕರು ಗಿರಾಕಿಯ ಕಡೆ ನಿಂತರು. ಮೇಡಂ ಬರೆದುಕೊಟ್ಟರು. ಬರೆಯುವ ಮುಂಚೆ, ಮಗ್ಗ ಯಾವ್ಯಾವ ದಿನ ನಿಲ್ಲುತ್ತದೆ ಎಂದು ಕಾರ್ಯದರ್ಶಿಯನ್ನು ಬಿಡದೆ ಕೇಳಿದ್ದರು. ಅಮಾವಾಸ್ಯೆ ಹೇಳಿದ, ಹಬ್ಬಗಳನ್ನು ಹೇಳಿದ. ಸೂತಕದ ಸುದ್ದಿ ಅವನ ಬಾಯಿಗೆ ಬರಲೇ ಇಲ್ಲ. ಸಾವಾದ ಮನೆಯಲ್ಲಿ ಸೂತಕ ಕಳೆಯುವವರೆಗೆ ಮಗ್ಗದ ಗುಂಡಿಗೆ ಇಳಿಯಬಾರದು ಎನ್ನುವುದು ಆ ಕೇರಿಯಲ್ಲಿ ಹೇಳಿ ತಿಳಿಸುವ ವಿಷಯವೇ ಅಲ್ಲ. ಮೇಡಂ ಮುಸ್ಲಿಮರು, ಅವರ ಮನೆಗಳಲ್ಲಿ ಆ ಪದ್ಧತಿ ಇಲ್ಲ. ನಮ್ಮಲ್ಲಂತೂ ಮನೆಯಲ್ಲಿ ಹೆಣ ಇದ್ದರೂ ಒಬ್ಬ ಕುರಿ ಹೊಡೆದುಕೊಂಡು ಹೋಗಲೇಬೇಕು. ಹೀಗಾಗಿ ನನಗೂ ಹೊಳೆಯಲಿಲ್ಲ.

ವಾರಕ್ಕೊಮ್ಮೆ ಸಂಘದ ಕಂಪ್ಯೂಟರ್ ನೋಡಿಬರುವುದು ನನ್ನ ಕೆಲಸವಾಗಿತ್ತು. ಒಂದು ದಿನ ಹಾಗೆ ಹೋಗಿ ಕೂತಿದ್ದಾಗ ಬೋಳು ಹಣೆಯ ಒಬ್ಬ ಹೆಂಗಸು ನೂಲಿಗೆ ಬಂದಳು. ಗಂಡ ಹೋಗಿದ್ದ, ಸೂತಕ ಆಗಷ್ಟೇ ಕಳೆದಿತ್ತು. ಕಾರ್ಯದರ್ಶಿ ಮಾನಿಟರನ್ನು ಅವಳ ಕಡೆ ತಿರುಗಿಸಿದ.

"ನಿನ್ ಮಗ್ಗ ನಿಂತೈತೆ ಅಂತ ಬಂದೈತಮ್ಮಾ. ನಾವೇನ್ ಮಾಡಾಣ? ಕಂಪ್ಯೂಟರ್ ತೆಗೆದೈತೆ."

"ನಿಲ್ದೆ ಏನಾಗ್ತೈತಯ್ಯಾ? ಮಣ್ಣಿಗೆ ನೀನೂ ಬಂದಿದ್ದೆಯಲ್ಲಾ!"

ಬಂದಿದ್ದ! ಅವಳ ಗಂಡನಿಗೆ ಮೂರು ಹಿಡಿ ಮಣ್ಣು ಹಾಕಿ, ಬೆನ್ನು ತಟ್ಟಿ ಸಮಾಧಾನ ಹೇಳಿ ಬಂದವನು, ಈಗ ಕಂಪ್ಯೂಟರ್ ಮೇಲೆ ಗೂಬೆ ಕೂರಿಸಿ ಆರಾಮಾಗಿ ಎಲೆ ಅಡಿಕೆ ಜಗಿಯುತ್ತಿದ್ದ. ಮತ್ತೆ ಹೆಸರು ಹಚ್ಚಿ ಸರದಿಗೆ ಕಾಯಬೇಕಂತೆ. ಅಲ್ಲಿಯವರೆಗೆ ಆ ಮನೆಯ ಒಲೆ ಉರಿಯುವುದು ಹೇಗೆ ಎಂದು ಅವನು ಕೇಳಲಿಲ್ಲ. ಇಂದಿಗೂ ಅವನ ಮುಖ ನೆನೆದರೆ ನನಗೆ ಮೈ ಉರಿಯುತ್ತದೆ.

ಎಸ್‌ಟಿಡಿ ಬೂತಿಗೆ ಹೋಗಿ ಮೇಡಂಗೆ ಫೋನ್ ಮಾಡಿದೆ. ಆ ಕಡೆಯಿಂದ ಬೈಗುಳ ಬರುತ್ತದೆಂದು ಕಾದೆ. "ಆ ಅಮ್ಮನ್ನ ಕೂರಿಸು. ಬರ್ತೀನಿ" ಎಂದಷ್ಟೇ ಹೇಳಿ ಇಟ್ಟರು.

ಪ್ರೈವೇಟ್ ಬಸ್ಸಿನಲ್ಲಿ ನಿಂತುಕೊಂಡೇ ಬಂದರಂತೆ. ಬುರ್ಖಾ ತುಂಬ ಧೂಳು. ಕಾರ್ಯದರ್ಶಿ ಎದ್ದು ಕುರ್ಚಿ ಎಳೆದ. ಅವನ ಕಡೆ ತಿರುಗಿಯೂ ನೋಡದೆ, ಕಟ್ಟೆಯ ಮೇಲೆ ಕೂತಿದ್ದ ಹೆಂಗಸಿನ ಹತ್ತಿರ ಹೋಗಿ ಕುಕ್ಕುರುಗಾಲಿನಲ್ಲಿ ಕೂತರು.

"ಅಮ್ಮಾ, ನಿಮ್ ಮಗ್ಗ ನಿಲ್ಲಿಸಿದ್ದು ನಾನು."

"ಕಂಪ್ಯೂಟರ್ ಅಂದ್ರಲ್ಲಾ?"

"ಕಂಪ್ಯೂಟರಿಗೆ ಏನ್ ಗೊತ್ತಮ್ಮಾ? ದಿನಾ ಬೆಳಿಗ್ಗೆ ಹಿಂಗೆ ಮಾಡು ಅಂತ ಅದಕ್ಕೆ ಬರೆದಿಟ್ಟೋಳು ನಾನು. ಸೂತಕದ ವಿಷ್ಯ ನಂಗೆ ಗೊತ್ತಿರ್ಲಿಲ್ಲ. ಯಾರೂ ಹೇಳ್ಲಿಲ್ಲ. ಅದು ನನ್ ತಪ್ಪೇ."

ಅವಳಿಗೆ ಅಷ್ಟೂ ದಿನದ ಸಂಕಟ ಹೊರಗೆ ಹಾಕಲು ಒಂದು ಮುಖ ಸಿಕ್ಕಿತು. "ಥೂ, ನೀನೂ ಒಂದು ಹೆಂಗಸಾ? ಗಂಡನ್ನ ಮಣ್ಣು ಮಾಡಿ ಬಂದೋಳು ಅವತ್ತೇ ಲಾಳಿ ಹಿಡೀಬೇಕಿತ್ತಾ? ನಿನ್ ಕೈ ಸೇದಿಹೋಗ!" ಎಂದು ಕೇರಿಗೆಲ್ಲ ಕೇಳುವಂತೆ ಕೂಗಿದಳು. ಕನ್ನಡದಲ್ಲಿ ಸಾಲದೆ ತೆಲುಗಿನಲ್ಲೂ ಬೈದಳು. ಜನ ಸೇರಿದರು. ಊರಿಗೆಲ್ಲ ಬೈಯುತ್ತಿದ್ದ ಮೇಡಂ ಒಂದಕ್ಕೂ ಎದುರಾಡದೆ ಅಷ್ಟನ್ನೂ ಕೇಳಿಸಿಕೊಂಡು ಎದ್ದರು.

ಎದ್ದವರೇ ಕಾರ್ಯದರ್ಶಿಗೆ, "ಇದನ್ನ ಈಗ್ಲೇ ನಿಲ್ಲಿಸ್ತೀನಿ" ಎಂದರು. ಅವನು ನಮ್ಮ ಮಾಲೀಕರಿಗೆ ಫೋನ್ ಹಚ್ಚಿ ರಿಸೀವರನ್ನು ಮೇಡಂ ಕೈಗೆ ಕೊಟ್ಟ. ಗಿರಾಕಿ ಹೇಳುವವರೆಗೆ ಅದನ್ನು ಮುಟ್ಟಬಾರದೆಂದು ಮಾಲೀಕರ ಅಪ್ಪಣೆಯಾಯಿತು. "ಆಯ್ತು ಸರ್, ಮುಟ್ಟಲ್ಲ" ಎಂದು ಇಟ್ಟು ಕಂಪ್ಯೂಟರಿನ ಮುಂದೆ ಕೂತರು. ಸ್ವಲ್ಪ ಹೊತ್ತಿನಲ್ಲಿ ಸರ್ವರ್ ನಿಲ್ಲಿಸಿ ಮತ್ತೆ ಶುರು ಮಾಡಿ, ಮಾನಿಟರನ್ನು ಜನರ ಕಡೆ ತಿರುಗಿಸಿದರು. ನಿಂತ ಮಗ್ಗಗಳ ಪ್ರತಿ ಸಾಲಿನ ಕೊನೆಯಲ್ಲಿ ಹೊಸದಾಗಿ, 'ಮಗ್ಗ ನಿಲ್ಲಿಸಿದವರು' ಎಂದಿತ್ತು. ಅದರ ಕೆಳಗೆ ಮೊದಲು ಮೇಡಂ ಹೆಸರು, ಆಮೇಲೆ ಕಾರ್ಯದರ್ಶಿಯ ಹೆಸರು. ಗುಂಪಿನಲ್ಲಿದ್ದ ಓದು ಬಲ್ಲ ಹುಡುಗಿಯೊಬ್ಬಳು ಗಟ್ಟಿಯಾಗಿ ಓದಿದಳು.

"ಏನ್ರೀ ಇದು? ನನ್ ಹೆಸರು ಯಾಕ್ರಿ?" ಕಾರ್ಯದರ್ಶಿಯ ಬಾಯಿಂದ ಎಲೆ ಅಡಿಕೆ ರಸ ಅಂಗಿಗೆ ಇಳಿಯಿತು.

"ಕೇಳಿದ್ದು ನೀವು, ಬರೆದಿದ್ದು ನಾನು. ಆಟೋಮ್ಯಾಟಿಕ್ ಕೆಲ್ಸ ನಿಮಗೆ ಹೆಂಗೆ ಬೇಕಿತ್ತೋ ಹಂಗೇ ಐತೆ, ನಾನು ಮುಟ್ಟಿಲ್ಲ. ನಾಳೆ ಬೆಳಿಗ್ಗೆ ಮತ್ತೆ ಎದ್ದು ಇನ್ನಷ್ಟು ಮಗ್ಗ ನಿಲ್ಲಿಸ್ತೈತೆ, ನಮ್ಮಿಬ್ಬರ ಹೆಸರಲ್ಲೇ. ನನ್ ಮನೆ ಚಳ್ಳಕೆರೆಯಾಗೈತೆ. ನಿಮ್ ಮನೆ ಇವ್ರಿಗೆಲ್ಲ ಗೊತ್ತೈತಲ್ಲಾ?"

ಜನ ಅವನನ್ನೇ ನೋಡುತ್ತಿದ್ದರು. "ನಿಲ್ಲಿಸ್ರಿ ಮೇಡಂ, ಅದನ್ನ ನಿಲ್ಲಿಸಿಬಿಡ್ರಿ" ಎಂದ.

"ಗಟ್ಟಿಯಾಗಿ ಹೇಳ್ರಿ."

ಹೇಳಿದ. ಮೇಡಂ ಅದನ್ನು ನಿಲ್ಲಿಸಿದರು. ಆ ಹೆಂಗಸಿಗೆ ಅವತ್ತೇ ನೂಲು ಸಿಕ್ಕಿತು. ಉಡಿಗೆ ಕಟ್ಟಿಕೊಂಡು, ಮೇಡಂ ಕಡೆ ಒಂದು ಸಲವೂ ನೋಡದೆ ಮನೆಗೆ ಹೋದಳು.

ಮಾರನೆಯ ದಿನ ಮಾಲೀಕರು, "ಗಿರಾಕಿ ಮಾನ ಬೀದಿಗೆ ತರೋರು ನಮಗೆ ಬ್ಯಾಡ" ಎಂದು ಮೇಡಂ ಅವರನ್ನು ಕೆಲಸದಿಂದ ತೆಗೆದರು. ಮೇಡಂ ಯಾರನ್ನೂ ಹೆದರಿಸುವುದಕ್ಕೆ ಹೋದವರಲ್ಲ. ಮಾಡಿದವರು ಮಾಡಿದೆ ಎನ್ನಬೇಕು ಎಂದರು, ಅಷ್ಟೇ. ಈ ಊರುಗಳಲ್ಲಿ ಅಷ್ಟು ಹೇಳಿದರೆ ಅನ್ನಕ್ಕೇ ಕುತ್ತು. ಸಿಟ್ಟಿಗೆ ನಾನೂ ಬಿಟ್ಟೆ. ಬಿಟ್ಟದ್ದಕ್ಕೆ ಮೇಡಂ ಕೈಯಲ್ಲಿ ಬೈಸಿಕೊಂಡೆ. ಆಮೇಲೆ ಅವರು ಮನೆಯಲ್ಲೇ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸಿಕೊಂಡಿದ್ದರು. ನನಗೆ ಬಳ್ಳಾರಿಯಲ್ಲಿ ಕೆಲಸ ಸಿಕ್ಕಿತು. ಕೆಲವು ವರ್ಷಗಳಲ್ಲಿ ಅವರ ಕಿಡ್ನಿ ಕೆಟ್ಟಿತು. ಹೋದ ಸುದ್ದಿ ನನಗೆ ಮುಟ್ಟುವ ಹೊತ್ತಿಗೆ ಖಬರಸ್ತಾನದಲ್ಲಿ ಎಲ್ಲ ಮುಗಿದಿತ್ತು.

ನಾನು ಚಳ್ಳಕೆರೆಗೆ ಬಂದಾಗ ಸೆಂಟರಿನಲ್ಲಿ ಅವರ ಫೋಟೋ ಇಟ್ಟು, ಹಾರ ಹಾಕಿ, ಸಭೆ ಸೇರಿದ್ದರು. ಮಾಲೀಕರು ಕಣ್ಣೊರೆಸಿಕೊಳ್ಳುತ್ತಾ, "ನಮ್ಮ ಸಂಸ್ಥೆಯ ಕಣ್ಣಾಗಿದ್ದರು" ಎಂದರು. ನಾನು ಎದ್ದು ನಿಂತು, "ಆ ಕಣ್ಣು ಕಿತ್ತಿದ್ದು ಯಾರು ಅಂತ್ಲೂ ಹೇಳ್ರಿ ಸರ್" ಎಂದೆ. ಮೆಟ್ಟಿಲಿಳಿದು ಬಂದುಬಿಟ್ಟೆ.

ಬಳ್ಳಾರಿಗೆ ಹಿಂದಿರುಗುವಾಗ ಮೊಳಕಾಲ್ಮೂರಿನಲ್ಲಿ ಇಳಿದೆ. ಆ ಹೆಂಗಸು ಮಗ್ಗದ ಗುಂಡಿಯಲ್ಲಿ ಕಾಲು ಬಿಟ್ಟುಕೊಂಡು ನೇಯುತ್ತಿದ್ದಳು. ಗುರುತು ಹಿಡಿದು ನಕ್ಕಳು. ಮೇಡಂ ಹೋದರು ಎಂದೆ. ಲಾಳಿ ಕೈಯಲ್ಲೇ ಉಳಿಯಿತು.

"ಮಣ್ಣಾಯ್ತಾ?"

"ಆಯ್ತು."

"ಈಗ್ ಬಂದು ಹೇಳ್ತೀಯೇನೋ ಹಾಳಾದೋನೆ!" ಎಂದು ಸಿಡಿದಳು. "ಮೊದ್ಲೇ ಹೇಳಿದ್ರೆ ನಡ್ಕೊಂಡಾದ್ರೂ ಬರ್ತಿದ್ನಲ್ಲೋ. ನೂಲು ಕೊಡಿಸ್ದೋಳಿಗೆ ಕೈ ಸೇದಿಹೋಗ ಅಂದಿದ್ದೆ ಕಣೋ. ಇಲ್ಲ ತಾಯಿ, ಹಂಗಲ್ಲ ಅಂತ ಇನ್ನ್ ಯಾರಿಗ್ ಹೇಳ್ಲಿ ನಾನು?"